ತನಗೆ ತಾನೇ ಹಿಮ್ಮೇಳ

ನನ್ನ ಹಳೇ ರೂಮ್‌ಮೇಟ್ ಒಬ್ಬ ಮೂರು ವರ್ಷದಿಂದ ಒಂದು ಆಲ್ಬಮ್ ಮಾಡ್ತಾ ಇದಾನೆ. ಹಗಲು ನಮ್ಮ ಥರಾನೇ ಕೋಡ್ ಬರೀತಾನೆ. ರಾತ್ರಿ ಬಟ್ಟೆ ಕಬೋರ್ಡಿನ ಬಾಗಿಲು ತೆಗೆದು, ನೇತುಹಾಕಿದ ಶರ್ಟು, ರಗ್ಗುಗಳ ಮಧ್ಯೆ ಮೈಕ್ ಇಟ್ಟು ಹಾಡ್ತಾನೆ. ಬಟ್ಟೆ ಇದ್ರೆ ಗೋಡೆಗೆ ಬಡಿದ ದನಿ ವಾಪಸ್ ಬರಲ್ಲವಂತೆ. ಹೋದ ವರ್ಷ ಒಂದು ಹಾಡು ಕಳಿಸಿ "ಹೆಂಗಿದೆ ಕೇಳಿ ಹೇಳೋ" ಅಂದ. ನಾನು ಕ್ಯಾಬಲ್ಲಿದ್ದೆ. ನಲವತ್ತು ಸೆಕೆಂಡ್ ಕೇಳಿ "ಸೂಪರ್ ಮಗಾ" ಅಂತ ಕಳಿಸಿದೆ. ಅದಾದ ಮೇಲೆ ಅವನು ಹಾಡು ಕಳಿಸೋದನ್ನೇ ನಿಲ್ಲಿಸಿದ.

ಇವನಿಗೆ ಈ ಹುಚ್ಚು ಹತ್ತಿಸಿದ್ದು ಬಾನ್ ಇವೇರ್‌ನ 'ಫಾರ್ ಎಮ್ಮಾ, ಫಾರೆವರ್ ಅಗೋ' ಅನ್ನೋ ಆಲ್ಬಮ್. ಒಂಟಿಯಾಗಿ ರೆಕಾರ್ಡ್ ಮಾಡೋರಿಗೆಲ್ಲ ಅದೊಂದು ಸ್ಥಳಪುರಾಣ. ಅಮೆರಿಕದ ಜಸ್ಟಿನ್ ವರ್ನನ್ ಅನ್ನೋ ಹುಡುಗ, ರಾಲಿ ಅನ್ನೋ ಊರಲ್ಲಿ ಬ್ಯಾಂಡ್ ಒಡೆದುಹೋಗಿ, ಪ್ರೀತಿ ಮುರಿದು, ಕಾಯಿಲೆ ಬಿದ್ದು, 2006ರ ಚಳಿಗಾಲದಲ್ಲಿ ತನ್ನ ವಿಸ್ಕಾನ್ಸಿನ್‌ಗೆ ವಾಪಸ್ ಬರ್ತಾನೆ. ಅಲ್ಲಿ ಕಾಡಿನಲ್ಲಿದ್ದ ಅಪ್ಪನ ಮರದ ಮನೆಯಲ್ಲಿ ಸುಮಾರು ಮೂರು ತಿಂಗಳು ಒಬ್ಬನೇ ಇರ್ತಾನೆ. ಬೇಟೆಯಾಡಿ ತಿಂದು, ಸೌದೆ ಒಡೆದು, ಕೈಗೆ ಸಿಕ್ಕ ಸಾಮಾನ್ಯ ಮೈಕು, ಹಳೇ ಗಿಟಾರು, ಹಳೇ ಕಂಪ್ಯೂಟರ್ ಇಟ್ಕೊಂಡು ಹಾಡುಗಳನ್ನ ಮಾಡ್ತಾನೆ. 2007ರಲ್ಲಿ ಸುಮಾರು 500 ಸಿಡಿ ತಾನೇ ಮಾಡಿಸ್ತಾನೆ. 2008ರಲ್ಲಿ ಜಾಗ್‌ಜಾಗುವಾರ್ ಅನ್ನೋ ಸಣ್ಣ ಕಂಪನಿ ಅದನ್ನ ಮತ್ತೆ ಬಿಡುಗಡೆ ಮಾಡುತ್ತೆ. 2012ರಲ್ಲಿ ಗ್ರ್ಯಾಮಿಯ 'ಬೆಸ್ಟ್ ನ್ಯೂ ಆರ್ಟಿಸ್ಟ್' ಪ್ರಶಸ್ತಿಯೂ ಬರುತ್ತೆ.

ಕತೆ ಚೆನ್ನಾಗಿದೆ. ಚೆನ್ನಾಗಿರೋದೇ ತೊಂದರೆ. ಇದನ್ನ ಕೇಳಿ ನನ್ನ ಗೆಳೆಯ ಮಳೆಗಾಲದಲ್ಲಿ ಸಕಲೇಶಪುರದ ಹತ್ತಿರ ಹತ್ತು ದಿನಕ್ಕೆ ಒಂದು ಮನೆ ಹಿಡಿದ. ವಾಪಸ್ ಬರೋವಾಗ ಜ್ವರ ತಂದ, ಒಂದೂವರೆ ಹಾಡು ತಂದ. "ನನ್ನ ನೋವು ಸಾಲದೇನೋ ಕಣೋ" ಅಂದ. ನಗ್ತಾನೇ ಹೇಳಿದ, ಆದ್ರೆ ಕಣ್ಣಲ್ಲಿ ನಗು ಇರಲಿಲ್ಲ.

ನೋವು ಪಟ್ಟರೆ ಹಾಡು ಹುಟ್ಟುತ್ತೆ ಅಂತ ಆ ಮರದ ಮನೆಯ ಕತೆ ಹೇಳುತ್ತೆ. ಆಲ್ಬಮ್ ಅದನ್ನ ಹೇಳ್ತಾ ಇದೆಯಾ? ಕತೆಯನ್ನ ಪಕ್ಕಕ್ಕಿಟ್ಟು, ಹೆಡ್‌ಫೋನ್ ಹಾಕ್ಕೊಂಡು ಮತ್ತೆ ಕೇಳಿದೆ. ನನಗೆ ಕೇಳಿಸಿದ್ದೇ ಬೇರೆ.

ಒಂಬತ್ತು ಹಾಡು, ನಲವತ್ತು ನಿಮಿಷದೊಳಗೆ ಮುಗಿಯುತ್ತೆ. ಮೊದಲು ಕಿವಿಗೆ ಬೀಳೋದು ಆ ದನಿ. ವರ್ನನ್ ಅದಕ್ಕೆ ಮುಂಚೆ ತಗ್ಗಿನ ದನಿಯಲ್ಲಿ ಹಾಡ್ತಿದ್ದೋನು, ಇಲ್ಲಿ ತೆಳುವಾದ ಕಳ್ಳದನಿಗೆ ಏರಿದ್ದಾನೆ. ಅದೂ ಒಂದೇ ದನಿಯಲ್ಲ. ಅದೇ ಸಾಲನ್ನ ಮತ್ತೆ ಮತ್ತೆ ಹಾಡಿ, ಒಂದರ ಮೇಲೊಂದು ಪೇರಿಸಿದ್ದಾನೆ. ಮೊದಲು ಬರೀ ಅಕ್ಷರವಿಲ್ಲದ ರಾಗ ಹಾಡಿಕೊಂಡು, ಆಮೇಲೆ ಅದನ್ನೇ ಕೇಳ್ತಾ ಮಾತು ಹುಡುಕಿದನಂತೆ. ಅಂದ್ರೆ ಆ ಮನೆಯಲ್ಲಿ ಹಾಡೋನೂ ಅವನೇ, ಕೇಳೋನೂ ಅವನೇ, ಜೊತೆಗೆ ದನಿ ಕೂಡಿಸೋನೂ ಅವನೇ.

ನಮ್ಮೂರು ಮಳವಳ್ಳಿ ಕಡೆ. ಚಿಕ್ಕವನಿದ್ದಾಗ ಮಂಟೇಸ್ವಾಮಿ ಕತೆ ಹೇಳೋ ನೀಲಗಾರರು ಬರ್ತಿದ್ರು. ಮುಂದಾಳು ತಂಬೂರಿ ಹಿಡಿದು ಒಂದು ಸಾಲು ಎತ್ತಿದರೆ, ಪಕ್ಕದವರು ದಮ್ಮಡಿ ಬಡಿಯುತ್ತಾ ಆ ಸಾಲನ್ನ ಹಿಡಿದುಕೊಳ್ಳೋರು. ಅವನು ಉಸಿರು ತಗೊಳ್ಳೋ ಹೊತ್ತಿಗೆ ಹಾಡು ಕೆಳಗೆ ಬೀಳಬಾರದು. ರಾತ್ರಿಯಿಡೀ ಹಾಡಿದರೂ ಆ ಮನುಷ್ಯ ಬೆಳಿಗ್ಗೆ ಎದ್ದು ಮಾಮೂಲಿಯಾಗಿ ಟೀ ಕುಡೀತಿದ್ದ. ಅವನ ಹಾಡಲ್ಲೂ ಸಾವಿತ್ತು, ಹಸಿವಿತ್ತು. ಆದ್ರೆ ಭಾರ ಹೊರೋಕೆ ಹಿಮ್ಮೇಳ ಇತ್ತು.

ವರ್ನನ್ ಪೇರಿಸಿದ ದನಿಗಳು ನನಗೆ ಈಗ ಹಂಗೇ ಕೇಳಿಸ್ತವೆ. ಹಿಮ್ಮೇಳ ಇಲ್ಲದೆ ತನಗೆ ತಾನೇ ಹಿಮ್ಮೇಳ ಆದವನ ದನಿ ಅದು. ಮುರಿದ ಪ್ರೀತಿಗಿಂತ ಈ ಒಂಟಿತನವೇ ಆಲ್ಬಮ್ಮಿನ ನಿಜವಾದ ದುಃಖ. 'ದಿ ವುಲ್ವ್ಸ್' ಹಾಡಿನ ಕೊನೆ ಕೇಳಿ. ಒಂದೇ ಸಾಲು ತಿರುತಿರುಗಿ ಬಂದು, ದನಿಗಳು ಒಂದಕ್ಕೊಂದು ಸೇರಿ, ಜಾತ್ರೆಯಷ್ಟು ಗದ್ದಲವಾಗುತ್ತೆ. ಆ ಜಾತ್ರೆಯಲ್ಲಿ ಬಹುಪಾಲು ಒಬ್ಬನೇ ಮನುಷ್ಯ. ನೆನೆಸಿಕೊಂಡರೆ ಹೊಟ್ಟೆಯೊಳಗೆ ಏನೋ ಆಗುತ್ತೆ.

ಎಲ್ಲವೂ ಚೆನ್ನಾಗಿದೆ ಅಂತ ಹೇಳಲ್ಲ. 'ಟೀಮ್' ಅನ್ನೋ ಎರಡು ನಿಮಿಷದ ತುಣುಕು ನನಗೆ ಅರ್ಧಕ್ಕೆ ಬಿಟ್ಟ ಕೆಲಸದ ಹಾಗೆ ಕಾಣುತ್ತೆ. ಪಕ್ಕದಲ್ಲಿ ಒಬ್ಬರಿದ್ದಿದ್ರೆ "ಇದು ಬೇಡ ಮಾರಾಯ" ಅಂತಿದ್ರೇನೋ. ಅದರ ಮುಂದಿನ ಹಾಡಲ್ಲೇ ಬೇರೆಯವರು ಊದಿದ ಕಹಳೆಗಳು ಬರ್ತವೆ. ಮುಚ್ಚಿದ ಮನೆಯ ಬಾಗಿಲು ಯಾರೋ ತೆಗೆದ ಹಾಗೆ! ನನಗೆ ಇಡೀ ಆಲ್ಬಮ್ಮಲ್ಲಿ ಅತಿ ಇಷ್ಟವಾದ ಜಾಗ ಅದು.

ನಮ್ಮ ಕೆಲಸದಲ್ಲಿ ಇನ್ನೊಬ್ಬರು ರಿವ್ಯೂ ಮಾಡದೆ ಕೋಡ್ ಮುಂದೆ ಹೋಗಲ್ಲ. ರಿವ್ಯೂ ಮಾಡೋನನ್ನ ಮನಸ್ಸಲ್ಲೇ ಎಷ್ಟು ಬೈಕೊಂಡಿದ್ದೀನೋ ಲೆಕ್ಕ ಇಲ್ಲ. ಆದ್ರೆ ಅವನು "ಸರಿ, ಆಯ್ತು" ಅಂದ ದಿನ ನಿದ್ದೆ ಬರುತ್ತೆ. ಸ್ವಂತ ಆಲ್ಬಮ್ ಮಾಡೋನಿಗೆ ಆ "ಆಯ್ತು" ಹೇಳೋರು ಯಾರು? ಸ್ವಂತ ದನಿಯನ್ನ ಇನ್ನೂರು ಸಲ ಕೇಳಿದ ಮೇಲೆ ಅದು ಚೆನ್ನಾಗಿದೆಯಾ ಅಂತ ಅಲ್ಲ, ಅದು ಹಾಡಾ ಅನ್ನೋದೂ ತಿಳಿಯಲ್ಲ. ನನ್ನ ಗೆಳೆಯನ ಲ್ಯಾಪ್‌ಟಾಪಲ್ಲಿ ಒಂದೇ ಹಾಡಿನ ಹದಿನೇಳು ಮಿಕ್ಸ್ ಇವೆ. ಎಲ್ಲದರ ಹೆಸರಲ್ಲೂ 'ಫೈನಲ್' ಇದೆ.

ನಾವು ಕೇಳುಗರು ಇನ್ನೂ ಆ ಕಾಡಿನ ಮನೆಯನ್ನೇ ಹೊಗಳ್ತಾ ಕೂತಿದ್ದೀವಿ. ವರ್ನನ್ ಅಲ್ಲಿ ಕೂರಲಿಲ್ಲ. ಒಂದು ಹಳೇ ಪಶು ಆಸ್ಪತ್ರೆಯ ಕಟ್ಟಡವನ್ನ ಅಣ್ಣತಮ್ಮಂದಿರು ಸೇರಿ ಸ್ಟುಡಿಯೋ ಮಾಡಿದರು. 2011ರ ಎರಡನೇ ಆಲ್ಬಮ್ಮನ್ನ ಅಲ್ಲಿ ಹಲವಾರು ವಾದ್ಯಗಾರರನ್ನ ಕೂಡಿಸಿಕೊಂಡು ಮಾಡಿದ. ಆಮೇಲಿನ ಆಲ್ಬಮ್ಮುಗಳಲ್ಲಿ ಜನ ಇನ್ನೂ ಜಾಸ್ತಿಯಾದರು. ವೇದಿಕೆ ಮೇಲೆ 'ದಿ ವುಲ್ವ್ಸ್' ಹಾಡುವಾಗ ಆ ಕೊನೇ ಸಾಲನ್ನ ನೀವೂ ಹಾಡಿ ಅಂತ ಸೇರಿದ ಜನರನ್ನೇ ಕೇಳ್ತಿದ್ದ. ಒಂಟಿತನದಿಂದ ದೊಡ್ಡ ಹೆಸರು ಬಂದವನು ಮೊದಲು ಮಾಡಿದ ಕೆಲಸ ಹಿಮ್ಮೇಳ ಹುಡುಕಿದ್ದು. ಅದನ್ನ ಯಾಕೋ ನಾವು ಕತೆಯಲ್ಲಿ ಸೇರಿಸಿಕೊಳ್ಳಲೇ ಇಲ್ಲ.

ಹಾಗಾಗಿ, ನಿಮ್ಮ ಪರಿಚಯದೋರು ಯಾರಾದರೂ ಹಾಡು ಕಳಿಸಿದ್ರೆ ಕೊನೇವರೆಗೂ ಕೇಳಿ. "ಸೂಪರ್" ಅನ್ನೋದು ಉತ್ತರವಲ್ಲ, ಜಾರಿಕೊಳ್ಳೋ ದಾರಿ. ನನಗಿಂತ ಚೆನ್ನಾಗಿ ಅದು ಯಾರಿಗೂ ಗೊತ್ತಿಲ್ಲ.

ಕಳೆದ ಭಾನುವಾರ ಅವನ ರೂಮಿಗೆ ಹೋದೆ. ಅದೇ ಹಾಡನ್ನ ಎರಡು ಸಲ ಪೂರ್ತಿ ಕೇಳಿದೆ. "ಎರಡನೇ ಚರಣದಲ್ಲಿ ಗಿಟಾರ್ ಜಾಸ್ತಿಯಾಯ್ತು ಕಣೋ, ನಿನ್ನ ದನೀನೇ ಕೇಳ್ಸಲ್ಲ" ಅಂದೆ. ಮುಖ ಊದಿಸಿಕೊಂಡ. ಅರ್ಧ ಗಂಟೆ ಜಗಳ ಆಯ್ತು. ಆಮೇಲೆ ಟೀ ಮಾಡಿ ತಂದು, ಕೊನೇ ಸಾಲಿಗೆ ನೀನೂ ದನಿ ಸೇರಿಸು ಅಂತ ಕಬೋರ್ಡ್ ಮುಂದೆ ನಿಲ್ಲಿಸಿದ. ನನಗೆ ಶ್ರುತಿ ಅಂದ್ರೆ ಏನಂತ ಗೊತ್ತಿಲ್ಲ. ಆದ್ರೂ ಹಾಡಿದೆ. ಹದಿನೆಂಟನೇ ಮಿಕ್ಸಲ್ಲಿ ಅದನ್ನ ಉಳಿಸೋದು, ಬಿಡೋದು ಅವನಿಗೆ ಬಿಟ್ಟಿದ್ದು.