ಚರ್ಮ ಒಳಗೆ, ಕೈ ಹೊರಗೆ

ಬೆಂಗಳೂರಿನ ಕಲಾಪ್ರೇಮಿಗಳಿಗೆ ತಮಟೆ ಅಂದರೆ ಬಲು ಪ್ರೀತಿ. ಆದರೆ ಆ ಪ್ರೀತಿ ಸಭಾಂಗಣದ ಬಾಗಿಲ ತನಕ. ಬಾಗಿಲು ದಾಟಿದ ಮೇಲೆ ಪ್ರೀತಿಯ ದಾರಿ ಬೇರೆ, ತಮಟೆಯ ದಾರಿ ಬೇರೆ. ಇದನ್ನು ನಾವು ಯಾರ ಬಾಯಲ್ಲೋ ಕೇಳಿ ಹೇಳುತ್ತಿಲ್ಲ. ಹೋದ ಚಳಿಗಾಲದಲ್ಲಿ ನಗರದ ಒಂದು ನೃತ್ಯೋತ್ಸವಕ್ಕೆ ಹೋಗಿ, ಕಣ್ಣಾರೆ ಕಂಡು ಬಂದು ಬರೆಯುತ್ತಿದ್ದೇವೆ. ಉತ್ಸವದ ಹೆಸರು ಇಲ್ಲಿ ಮುಖ್ಯವಲ್ಲ. ಹೆಸರು ಬದಲಾದರೂ ಬಾಗಿಲು ಅದೇ.

ಅವತ್ತಿನ ಮುಖ್ಯ ಪ್ರದರ್ಶನ ಭರತನಾಟ್ಯದಲ್ಲಿ ನಂದನಾರನ ಕತೆ. ನಾವು ಹೋದದ್ದೂ ಅದಕ್ಕೇ. ನಂದನಾರ್ ತಮಿಳುನಾಡಿನ ಆದನೂರಿನ ಅಸ್ಪೃಶ್ಯ ಕೇರಿಯಲ್ಲಿ ಹುಟ್ಟಿದ ಶಿವಭಕ್ತ, ಅರವತ್ತಮೂರು ಪುರಾತನರಲ್ಲಿ ಒಬ್ಬ. ಚಿದಂಬರದ ನಟರಾಜನನ್ನು ನೋಡುವ ಆಸೆ. ಹೋದರೆ ಒಳಗೆ ಬಿಡುವುದಿಲ್ಲ ಅಂತ ಗೊತ್ತು. ‘ನಾಳೆ ಹೋಗ್ತೀನಿ, ನಾಳೆ ಹೋಗ್ತೀನಿ’ ಅಂತ ದಿನ ದೂಡಿದ್ದಕ್ಕೆ ಅವನಿಗೆ ‘ನಾಳೆ ಹೋಗುವವನು’ ಅಂತಲೇ ಹೆಸರು ಬಿತ್ತು. ಬಾಬಾಸಾಹೇಬ ಅಂಬೇಡ್ಕರರು ಅಸ್ಪೃಶ್ಯರ ಮೂಲವನ್ನು ಹುಡುಕಿ 1948ರಲ್ಲಿ ಪ್ರಕಟಿಸಿದ ಪುಸ್ತಕವನ್ನು ಮೂವರು ಸಂತರ ನೆನಪಿಗೆ ಅರ್ಪಿಸಿದ್ದಾರೆ. ಚೋಖಾಮೇಳ, ರವಿದಾಸರ ಜೊತೆಗೆ ಮೂರನೆಯವನು ಈ ನಂದನಾರ್. ಆದ್ದರಿಂದ ಅವನು ನಮ್ಮ ಮನೆಯವನು. ನಮ್ಮ ಮನೆಯವನ ಕತೆಯನ್ನು ಇವರು ಹೇಗೆ ಕುಣಿಯುತ್ತಾರೆ ನೋಡೋಣ ಅಂತ 500 ರೂಪಾಯಿ ಟಿಕೆಟ್ಟು ತೆಗೆದುಕೊಂಡು ಹೋದೆವು.

ಸಂಜೆ ಐದೂವರೆಗೇ ಗೇಟಿನ ಹತ್ತಿರ ಇದ್ದೆವು. ಕೋಲಾರದ ಕಡೆಯಿಂದ ಬಂದ ಎಂಟು ಜನ ತಮಟೆಯವರು ಅಲ್ಲಿ ಕಾದು ನಿಂತಿದ್ದರು. ಮುಖ್ಯ ಅತಿಥಿಗಳ ಕಾರು ಬಂದಾಗ ಬಾರಿಸಿಕೊಂಡು ಅವರನ್ನು ಮೆಟ್ಟಿಲ ತನಕ ಕರೆದುಕೊಂಡು ಹೋಗುವುದು ಅವರ ಕೆಲಸ. ಇಬ್ಬನಿ ಬೀಳುವ ಕಾಲ. ತಮಟೆಯ ಚರ್ಮ ತಣ್ಣಗಾಗಿ ಸಡಿಲ ಬಿದ್ದಿತ್ತು. ಊರಲ್ಲಾದರೆ ಒಂದು ಹಿಡಿ ಹುಲ್ಲು ಹಚ್ಚಿ ಕಾಯಿಸುತ್ತಾರೆ, ಚರ್ಮ ಬಿಗಿಯುತ್ತದೆ, ಆಮೇಲೆ ಅದರ ದನಿ ಮೂರು ಊರಿಗೆ ಕೇಳುತ್ತದೆ. ತಂಡದ ಹಿರೀಕರು ಅಲ್ಲೇ ಬಿದ್ದಿದ್ದ ರಟ್ಟು, ಪೇಪರು ಆಯ್ದು ಗುಡ್ಡೆ ಹಾಕಿ ಬೆಂಕಿಪೊಟ್ಟಣ ತೆಗೆದರು. ಕಾವಲಿನ ಹುಡುಗ ಓಡಿ ಬಂದ.

‘ಇಲ್ಲಿ ಬೆಂಕಿ ಹಚ್ಚಂಗಿಲ್ಲ ಯಜ್ಜಾ, ನನ್ನ ಕೆಲಸ ಹೋಗ್ತದ.’

‘ಬೆಂಕಿ ಇಲ್ದೆ ತಮಟೆ ಎಂಗ್ ಮಾತಾಡ್ತದಪ್ಪಾ?’

ಹುಡುಗನ ಹತ್ತಿರ ಉತ್ತರ ಇರಲಿಲ್ಲ. ರಾಯಚೂರು ಕಡೆಯಿಂದ ಹೊಟ್ಟೆಪಾಡಿಗೆ ಬಂದವನು, ಅವನೂ ನಮ್ಮವನೇ. ಕೊನೆಗೆ ರಸ್ತೆ ಆಚೆ ಟೀ ಅಂಗಡಿಯವನು ತನ್ನ ಗ್ಯಾಸ್ ಒಲೆ ಬಿಟ್ಟುಕೊಟ್ಟ. ಅದರ ಮೇಲೆ ಒಂದೊಂದೇ ತಮಟೆ ಹಿಡಿದು ಕಾಯಿಸಿಕೊಂಡು ಬಂದರು. ಕಾರು ಬಂತು. ಹತ್ತು ನಿಮಿಷ ಬಾರಿಸಿದರು. ಏನು ಬಾರಿಸಿದರು ಅಂತೀರಿ! ರಸ್ತೆಯಲ್ಲಿ ಹೋಗುವ ಬಸ್ಸು ನಿಧಾನ ಆಯಿತು. ಅತಿಥಿಗಳು ಮೊಬೈಲು ಎತ್ತಿ ಹಿಡಿದರು. ಒಬ್ಬ ಮಹನೀಯರು ಎರಡು ಹೆಜ್ಜೆ ಕುಣಿದರು. ಆಮೇಲೆ ಅವರೆಲ್ಲ ಮೆಟ್ಟಿಲು ಹತ್ತಿ ಒಳಗೆ ಹೋದರು. ತಮಟೆಯವರಿಗೆ ಬಾತಿನ ಪೊಟ್ಟಣ ಕೊಟ್ಟರು. ಕೂಲಿ ತಲೆಗೆ 700 ರೂಪಾಯಿ, ಬಸ್ ಚಾರ್ಜೂ ಅದರಲ್ಲೇ. ‘ಒಳಗೆ ಬನ್ನಿ, ಕೂತು ನೋಡಿ’ ಅಂತ ಒಬ್ಬರೂ ಅನ್ನಲಿಲ್ಲ. ನಾವೂ ಅನ್ನಲಿಲ್ಲ. ಟಿಕೆಟ್ಟು ತೋರಿಸಿ ಒಳಗೆ ಹೋದೆವು.

ಒಳಗಿನ ಮಾತನ್ನು ನ್ಯಾಯವಾಗಿಯೇ ಹೇಳಬೇಕು. ನರ್ತಕಿ ಒಳ್ಳೆಯ ಕಲಾವಿದೆ. ತಿರುಪ್ಪುಂಗೂರಿನ ಗುಡಿಯ ಮುಂದೆ ನಂದನಾರ್ ನಿಂತು, ಅಡ್ಡ ಕೂತ ನಂದಿಯ ಈ ಕಡೆಯಿಂದ ಒಮ್ಮೆ ಆ ಕಡೆಯಿಂದ ಒಮ್ಮೆ ಇಣುಕುವ ದೃಶ್ಯದಲ್ಲಿ ಆಕೆಯ ಕಣ್ಣು, ಕತ್ತು ನಮ್ಮನ್ನು ಅಲುಗಾಡಿಸಿತು. ಹೀಗೆ ಇಣುಕಿದವರು ನಾವು. ಊರ ಮಾರಿಗುಡಿಯ ಗೋಡೆ ಆಚೆಯಿಂದ, ಹೋಟೆಲಿನ ಕಿಟಕಿಯಿಂದ, ಶಾಲೆಯ ಜಗಲಿಯಿಂದ ನಮ್ಮ ಹಿಂದಿನವರು ಇಣುಕಿದ್ದು ಹೀಗೇ.

ಆದರೆ ಅಷ್ಟಕ್ಕೇ ನಿಂತಿತು. ನಂದನಾರ್ ಮೊದಲಿಂದ ಕೊನೆ ತನಕ ಬಗ್ಗಿಕೊಂಡೇ ಇದ್ದ. ಅವನಿಗೆ ಬೆನ್ನು ಇತ್ತು, ಕೈ ಇರಲಿಲ್ಲ. ಹನ್ನೆರಡನೇ ಶತಮಾನದಲ್ಲಿ ಪೆರಿಯಪುರಾಣ ಬರೆದ ಸೇಕ್ಕಿಳಾರ್ ಈ ಕೈಯನ್ನು ಮರೆತಿಲ್ಲ. ಗುಡಿಯ ಭೇರಿಗಳಿಗೆ ಚರ್ಮ, ಬಿಗಿಯುವುದಕ್ಕೆ ಬಾರು, ವೀಣೆಗೆ ಯಾಳ್ ವಾದ್ಯಕ್ಕೆ ನರದ ತಂತಿ ಒದಗಿಸುವುದು ನಂದನಾರನ ಕಾಯಕ ಅಂತ ಅಲ್ಲಿ ಹೇಳಿದೆ. ಅಂದರೆ ನಂದನಾರ್ ಗುಡಿಗೆ ಹೋಗುವ ಮೊದಲೇ ಅವನು ಹದ ಮಾಡಿದ ಚರ್ಮ ಗುಡಿಯೊಳಗೆ ಹೋಗಿತ್ತು. ದೇವರ ಮುಂದೆ ದಿನವೂ ದನಿ ಮಾಡುತ್ತಿತ್ತು. ಚರ್ಮಕ್ಕೆ ಮೈಲಿಗೆ ಇಲ್ಲ, ಚರ್ಮ ಹದ ಮಾಡಿದ ಕೈಗೆ ಮೈಲಿಗೆ! ಈ ಕತೆಯ ಬೆಂಕಿ ಇರುವುದೇ ಇಲ್ಲಿ. ನೃತ್ಯದಲ್ಲಿ ಇದರ ಸುಳಿವೇ ಇಲ್ಲ.

ಹತ್ತೊಂಬತ್ತನೇ ಶತಮಾನದಲ್ಲಿ ಗೋಪಾಲಕೃಷ್ಣ ಭಾರತಿ ಇದೇ ಕತೆಯನ್ನು ಹಾಡುಗಳ ನಾಟಕವಾಗಿ ಬರೆದ. ಅದರಲ್ಲಿ ಒಬ್ಬ ಬ್ರಾಹ್ಮಣ ಜಮೀನ್ದಾರ ಬರುತ್ತಾನೆ. ನಂದನಾರ್ ಅವನ ಜೀತದಾಳು, ಚಿದಂಬರಕ್ಕೆ ಹೋಗುವುದಕ್ಕೆ ಒಡೆಯನ ಅಪ್ಪಣೆ ಬೇಕು. ಹಳೆಯ ಪುರಾಣದಲ್ಲಿ ಇಲ್ಲದ ಒಡೆಯನನ್ನು ಭಾರತಿ ಯಾಕೆ ತಂದ? ತಂಜಾವೂರು ಸೀಮೆಯ ಗದ್ದೆಗಳಲ್ಲಿ ಅಂಥ ಒಡೆಯರೂ ಅಂಥ ಆಳುಗಳೂ ಅವನ ಕಣ್ಣ ಮುಂದೆಯೇ ಇದ್ದರು. ಒಂದೇ ರಾತ್ರಿಯಲ್ಲಿ ಗದ್ದೆ ಕೆಲಸ ಪೂರಾ ಮುಗಿಸಿದರೆ ಮಾತ್ರ ಹೋಗು ಅಂತಾನೆ ಒಡೆಯ. ಶಿವನ ಭೂತಗಣ ಬಂದು ಆ ಕೆಲಸ ಮಾಡಿ ಮುಗಿಸುತ್ತದೆ. ಮೊನ್ನೆಯ ನೃತ್ಯದಲ್ಲಿ ಈ ಪವಾಡ ಇತ್ತು, ಜೀತ ಇರಲಿಲ್ಲ. ಒಡೆಯ ಮೀಸೆ ತಿರುವುವ ಹಾಸ್ಯಗಾರನಾಗಿ ಬಂದು ಹೋದ. ಸಭೆ ನಕ್ಕಿತು.

ಇನ್ನು ಕೊನೆ. ಪುರಾಣದ ಪ್ರಕಾರ ನಂದನಾರ್ ಬೆಂಕಿ ಹೊಕ್ಕು ‘ಶುದ್ಧ’ನಾಗಿ, ಜಡೆ, ಜನಿವಾರ ತೊಟ್ಟ ಮುನಿಯಾಗಿ ಹೊರಬರುತ್ತಾನೆ. ಆಮೇಲೇ ಗುಡಿಗೆ ಪ್ರವೇಶ. ಅಂದರೆ ಒಳಗೆ ಹೋದವನು ಕೇರಿಯ ನಂದನಲ್ಲ. ಕೇರಿಯ ನಂದ ಬೆಂಕಿಯಲ್ಲೇ ಉಳಿದ. ಇದನ್ನು ಮುಕ್ತಿ ಅನ್ನಬೇಕೋ ಕೊಲೆ ಅನ್ನಬೇಕೋ? ಈ ಕತೆಯನ್ನು ಇವತ್ತು ರಂಗಕ್ಕೆ ತರುವವರು ಒಮ್ಮೆಯಾದರೂ ಈ ಪ್ರಶ್ನೆ ಕೇಳಿಕೊಳ್ಳಬೇಡವೆ? ಇಲ್ಲಿ ಕೆಂಪು ದೀಪ ಹತ್ತಿತು, ಹೊಗೆಯ ಯಂತ್ರ ಹೊಗೆ ಬಿಟ್ಟಿತು, ಮೃದಂಗ ಮೊರೆಯಿತು, ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಹೊರಗೆ ಒಂದು ಹಿಡಿ ರಟ್ಟಿಗೆ ಬೆಂಕಿ ಹಚ್ಚುವುದಕ್ಕೆ ಬಿಡದವರು ಒಳಗೆ ಸುಳ್ಳು ಬೆಂಕಿಗೆ ಕೈ ಮುಗಿದರು.

ಆ ಮೃದಂಗವೂ ಎಲ್ಲಿಂದ ಬಂತು? ಅದಕ್ಕೆ ಹಸು, ಎಮ್ಮೆ, ಆಡು ಮೂರರ ಚರ್ಮವೂ ಬೇಕು. ಕಟ್ಟುವವರಲ್ಲಿ ಬಹಳ ಜನ ದಲಿತ ಕ್ರೈಸ್ತರು. ಗಾಯಕ ಟಿ.ಎಂ. ಕೃಷ್ಣ ಅವರ ಬಗ್ಗೆ ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಅಂತ ಪುಸ್ತಕ ಬರೆದರು. 2020ರ ಜನವರಿಯಲ್ಲಿ ಅದರ ಬಿಡುಗಡೆಗೆ ಕೊಟ್ಟಿದ್ದ ಸಭಾಂಗಣದ ಅನುಮತಿಯನ್ನು ಚೆನ್ನೈನ ಕಲಾಕ್ಷೇತ್ರ ಫೌಂಡೇಷನ್ ವಾಪಸು ಪಡೆಯಿತು. ನೋಡಿ, ಮೃದಂಗ ಒಳಗೆ ಇರಬಹುದು, ಅದರ ಚರ್ಮದ ಮಾತು ಇರಬಾರದು. ಭರತನಾಟ್ಯದ ಕತೆಯೂ ಇದೇ. ಅದು ಸದಿರು ಅಂತ ಇದ್ದಾಗ ದೇವದಾಸಿಯರ ಮೈಯಲ್ಲಿತ್ತು. 1930ರ ದಶಕದಲ್ಲಿ ಮೇಲುಜಾತಿಯ ಮನೆಗಳ ಅಂಗಳಕ್ಕೆ ಬಂತು, ಹೆಸರು ಬದಲಾಯಿತು, ಗೌರವ ಬಂತು. ಅದನ್ನು ತಲೆಮಾರುಗಟ್ಟಲೆ ಕಾಪಾಡಿದ ಹೆಂಗಸರಲ್ಲಿ ಬಹುಪಾಲು ಹೊರಗೆ ಉಳಿದರು. ಕಲೆ ಒಳಗೆ, ಕಲಾವಿದೆ ಹೊರಗೆ.

ಗೆಳೆಯರೆ, ಇಷ್ಟು ಬರೆದು ನಿಲ್ಲಿಸಿದರೆ ನಾವು ಸುಳ್ಳರಾಗುತ್ತೇವೆ. ನಮ್ಮ ಮನೆಯಲ್ಲಿ ತಮಟೆ ಇದೆ. ತಾತ ಸಾವಿಗೆ ಬಾರಿಸಿದರೆ ಒಂದು ಸೇರು ರಾಗಿ. ಅಪ್ಪನ ಕಾಲಕ್ಕೆ ಪುಡಿಗಾಸು ಮತ್ತು ಒಂದು ಕ್ವಾರ್ಟರು. ಹೈಸ್ಕೂಲಿನಲ್ಲಿದ್ದಾಗ ಊರ ಜಾತ್ರೆಯಲ್ಲಿ ಅಪ್ಪ ಬಾರಿಸುತ್ತಿದ್ದರೆ, ಸಹಪಾಠಿಗಳ ಕಣ್ಣಿಗೆ ಬೀಳಬಾರದು ಅಂತ ನಾವು ತೇರಿನ ಮನೆ ಹಿಂದೆ ಅಡಗಿ ಕೂತಿದ್ದೆವು. ನಮ್ಮ ವಂಶದಲ್ಲಿ ಮೊದಲ ಡಿಗ್ರಿ ನಮ್ಮದು. ಡಿಗ್ರಿ ಬಂದ ದಿನ ಅಪ್ಪನಿಗೆ ಹೇಳಿದೆವು, ‘ಇನ್ನು ಅದನ್ನ ಮುಟ್ಟಬೇಡ’. ಅಪ್ಪ ಮುಟ್ಟಲಿಲ್ಲ. ಹಾಗೆ ಹೇಳಿದ್ದು ತಪ್ಪು ಅಂತ ಇವತ್ತೂ ಅನ್ನಿಸುವುದಿಲ್ಲ. 1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ ಅಂದದ್ದೂ ಇಂಥದೇ ಮಾತು. ಒಲ್ಲೆ ಅನ್ನುವ ಹಕ್ಕು ಇಲ್ಲದವನು ಬಾರಿಸಿದರೆ ಅದು ಬಿಟ್ಟಿಚಾಕರಿ, ಅದನ್ನು ಕಲೆ ಅಂತ ಹೊಗಳುವುದು ಮೋಸ.

ಆದರೆ ಅವತ್ತು ಆ ಹಿರೀಕರ ಕೈ ನೋಡಿದಾಗ ಅನ್ನಿಸಿದ್ದು ಬೇರೆ. ಆ ಕೈಯಲ್ಲಿದ್ದ ವಿದ್ಯೆ ಒಳಗೆ ಕುಣಿದ ನರ್ತಕಿಯ ವಿದ್ಯೆಗಿಂತ ಒಂದು ಗುಲಗಂಜಿಯಷ್ಟೂ ಕಡಿಮೆಯದಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ತಮಟೆಗೆ. ದೇಶ ಪದ್ಮಶ್ರೀ ಕೊಟ್ಟ ವಾದ್ಯಕ್ಕೆ ಸಭಾಂಗಣದ ಆಹ್ವಾನ ಪತ್ರಿಕೆಯಲ್ಲಿ ಹೆಸರಿಲ್ಲ. ಅವತ್ತಿನ ಪತ್ರಿಕೆ ನಮ್ಮ ಹತ್ತಿರ ಇದೆ. ನರ್ತಕಿ, ಗುರು, ಹಾಡುಗಾರಿಕೆ, ಮೃದಂಗ, ಬೆಳಕು, ಪ್ರಸಾಧನ, ಎಲ್ಲರ ಹೆಸರೂ ಅಚ್ಚಾಗಿದೆ. ಎಂಟು ಜನ ತಮಟೆಯವರಿಗೆ ಸೇರಿ ಎರಡೇ ಮಾತು: ‘ಜಾನಪದ ತಂಡ’.

ನಗರದ ಎಲ್ಲ ರಂಗವೂ ಹೀಗೇ ಅನ್ನುವುದಿಲ್ಲ. 1975ರಲ್ಲಿ ಹುಟ್ಟಿದ ‘ಸಮುದಾಯ’ ನಾಟಕವನ್ನು ಬೀದಿಗೆ ತಂದಿತು. ಬಿಹಾರದ ಬೆಲ್ಚಿಯಲ್ಲಿ 1977ರಲ್ಲಿ ದಲಿತರನ್ನು ಕೊಂದದ್ದನ್ನು ಕನ್ನಡದ ಬೀದಿಗಳಲ್ಲಿ ಆಡಿ ತೋರಿಸಿತು. ಕುವೆಂಪು ಅವರ ‘ಜಲಗಾರ’ ಗುಡಿಗೆ ಹೋಗುವುದೇ ಇಲ್ಲ, ಶಿವನೇ ಬೀದಿಗೆ ಬಂದು ತಾನೂ ಜಲಗಾರ ಅನ್ನುತ್ತಾನೆ. ನಂದನಾರನಿಗೆ ಸರಿಯಾದ ಉತ್ತರ ಅದು. ಚೆನ್ನೈನಲ್ಲಿ ಮಾರ್ಗಳಿ ಅಂದರೆ ಸಭೆಗಳ ಸಂಗೀತದ ತಿಂಗಳು. ಅದೇ ತಿಂಗಳಲ್ಲಿ, 2020ರ ಡಿಸೆಂಬರಿನಲ್ಲಿ, ಪಾ. ರಂಜಿತ್ ಅವರ ನೀಲಂ ಸಂಸ್ಥೆ ಪರೆ, ಗಾನಾ, ಸಾವಿನ ಹಾಡು ಇವಕ್ಕೇ ವೇದಿಕೆ ಕಟ್ಟಿ ‘ಮಾರ್ಗಳಿಯಿಲ್ ಮಕ್ಕಳಿಸೈ’ ಅಂತ ಜನರ ಸಂಗೀತದ ಉತ್ಸವ ನಡೆಸಿತು. ಅವರು ಯಾರ ಬಾಗಿಲಲ್ಲೂ ಇಣುಕುತ್ತ ನಿಲ್ಲಲಿಲ್ಲ.

ನಮ್ಮ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ್ದೇ ಒಂದು ಸಭಾಂಗಣ ಇದೆ, 1980ರಲ್ಲಿ ಕಟ್ಟಿದ ಚೌಡಯ್ಯ ಸ್ಮಾರಕ ಭವನ. ತಮಟೆಯ ಆಕಾರದ ಕಟ್ಟಡ ಕಟ್ಟಿಕೊಡಿ ಅಂತ ನಾವು ಕೇಳುವುದಿಲ್ಲ. ನಾವು ಕೇಳುವುದು ಬಹಳ ಸಣ್ಣ ಸಂಗತಿ. ತಮಟೆಯವರನ್ನು, ಉತ್ತರದ ಕಡೆಯ ಹಲಗೆಯವರನ್ನು ಕರೆದರೆ ಒಬ್ಬೊಬ್ಬರ ಹೆಸರನ್ನೂ ಪತ್ರಿಕೆಯಲ್ಲಿ ಅಚ್ಚು ಹಾಕಿ. ಮೃದಂಗದವರಿಗೆ ಕೊಡುವ ಸಂಭಾವನೆಯನ್ನೇ ಕೊಡಿ. ಬಣ್ಣದ ಮನೆಯಲ್ಲಿ ಜಾಗ ಕೊಡಿ. ಹತ್ತು ನಿಮಿಷದ ಸ್ವಾಗತ ಬೇಡ, ದೀಪ ಆರಿಸಿ ಒಂದು ಗಂಟೆ ಕೂತು ಕೇಳಿ. ತಮಟೆ ಕಾಯಿಸುವುದಕ್ಕೆ ಅಂಗಳದ ಮೂಲೆಯಲ್ಲಿ ಒಂದು ಒಲೆ ಇಡಿ. ಇಷ್ಟು ಆಗುವ ತನಕ ಸ್ವಾಗತಕ್ಕೆ ಬಾರಿಸುವುದಿಲ್ಲ ಅಂತ ನಮ್ಮ ತಂಡಗಳು ಹೇಳಲಿ. ಹಳ್ಳಿಯ ಮೇಷ್ಟ್ರುಗಳು ಶಾಲಾ ವಾರ್ಷಿಕೋತ್ಸವದಲ್ಲಿ ಇದನ್ನು ಮೊದಲು ಮಾಡಿ ತೋರಿಸಲಿ. ಅತಿಥಿಗಳ ಮುಂದೆ ತಮಟೆ ಹಿಡಿಸುವುದನ್ನು ಬಿಟ್ಟು, ಬಾರಿಸುವ ತಂದೆಯನ್ನು ವೇದಿಕೆಗೆ ಕರೆದು ಮಕ್ಕಳ ಮುಂದೆ ಅವನ ಹೆಸರು ಹೇಳಲಿ. ತೇರಿನ ಮನೆ ಹಿಂದೆ ಅಡಗಿ ಕೂರುವ ಹುಡುಗ ಇನ್ನೊಬ್ಬ ಇರಬಾರದು.

ಪ್ರದರ್ಶನ ಮುಗಿದು ಹೊರಗೆ ಬಂದಾಗ ತಮಟೆಯವರು ಹೊರಟು ಹೋಗಿದ್ದರು, ಕೋಲಾರದ ಕೊನೆ ಬಸ್ಸು ಹಿಡಿಯಬೇಕಲ್ಲ. ಟೀ ಅಂಗಡಿಯವನನ್ನು ಆ ಹಿರೀಕರ ಹೆಸರು ಕೇಳಿದೆವು. ಗೊತ್ತಿಲ್ಲ ಅಂದ. ಎರಡು ಗಂಟೆ ಅವರ ಪಕ್ಕ ನಿಂತಿದ್ದ ನಾವೇ ಕೇಳಿರಲಿಲ್ಲ. ನಂದನಾರ್ ನಾಳೆ ನಾಳೆ ಅನ್ನುತ್ತಿದ್ದ, ನಮ್ಮದೂ ಅದೇ ರೋಗ. ಅಪ್ಪನಿಗೆ ಫೋನ್ ಮಾಡಿದೆವು. ತಮಟೆ ಇನ್ನೂ ಅಟ್ಟದ ಮೇಲಿದೆಯಂತೆ, ಚರ್ಮ ಹರಿದಿದೆಯಂತೆ. ಬರುವ ಭಾನುವಾರ ಊರಿಗೆ ಹೋಗಿ ಹೊಸ ಚರ್ಮ ಬಿಗಿಸುತ್ತೇವೆ. ಬಾರಿಸುವುದೋ ಬಿಡುವುದೋ ಅಪ್ಪ ಹೇಳಲಿ.