ಸ್ಟ್ರೋಗನಾಫ್‌ಗೆ ಅಣಬೆಯ ಹಂಗಿಲ್ಲ

ರಷ್ಯಾದ ಹೆಸರಾಂತ ದನದ ಮಾಂಸದ ಅಡುಗೆ ಸ್ಟ್ರೋಗನಾಫ್ ಕುರಿತು ಎರಡು ಮಾತುಗಳು ಬೇರುಬಿಟ್ಟಿವೆ. 1891ರಲ್ಲಿ ಷಾರ್ಲ್ ಬ್ರಿಯೇರ್ ಎಂಬ ಫ್ರೆಂಚ್ ಬಾಣಸಿಗ ಸೇಂಟ್ ಪೀಟರ್ಸ್‌ಬರ್ಗ್‌ನ ಸ್ಪರ್ಧೆಯೊಂದಕ್ಕೆ ಇದನ್ನು ಹುಟ್ಟುಹಾಕಿದ ಎಂಬುದು ಮೊದಲನೆಯದು. ಅಣಬೆ, ಈರುಳ್ಳಿ ಬಿದ್ದರೆ ಮಾತ್ರ ಅಸಲಿ, ಉಳಿದದ್ದೆಲ್ಲ ಕುಲಗೆಟ್ಟದ್ದು ಎಂಬುದು ಎರಡನೆಯದು. ಎರಡಕ್ಕೂ ಆಧಾರವಿಲ್ಲ.

ಎಲೆನಾ ಮೊಲೊಖೊವೆಟ್ಸ್ ರಷ್ಯಾದ ಗೃಹಿಣಿಯರಿಗಾಗಿ ಬರೆದ ಅಡುಗೆ ಪುಸ್ತಕದ 1871ರ ಆವೃತ್ತಿಯನ್ನು ತೆರೆದರೆ ಸಾಕು. ಸ್ಪರ್ಧೆಗಿಂತ 20 ವರ್ಷ ಮೊದಲೇ ಸ್ಟ್ರೋಗನಾಫ್ ಅಲ್ಲಿದೆ. ಮಾಂಸವನ್ನು ಸಣ್ಣ ಚೌಕಗಳಾಗಿ ಕತ್ತರಿಸಿ, ಉಪ್ಪು, ಮಸಾಲೆ ಹಚ್ಚಿ, ಬೆಣ್ಣೆಯಲ್ಲಿ ಹುರಿಯಬೇಕು. ಹಿಟ್ಟು, ಮಾಂಸದ ಸಾರು, ಸಾಸಿವೆ ಸೇರಿಸಿ, ಇಳಿಸುವ ಮುನ್ನ ಸ್ವಲ್ಪ ಹುಳಿ ಕೆನೆ ಬೆರೆಸಬೇಕು. ಅಣಬೆಯೂ ಇಲ್ಲ, ಈರುಳ್ಳಿಯೂ ಇಲ್ಲ. ಪೆಲಗೇಯ ಅಲೆಕ್ಸಾಂದ್ರೊವಾ-ಇಗ್ನಾತಿಯೆವಾ ಅವರ 1912ರ ಅಡುಗೆ ಪುಸ್ತಕದ ಪಾಕವಿಧಾನದಲ್ಲಿ ಈರುಳ್ಳಿ, ಟೊಮೆಟೊ ಬಂದವು. ಜೊತೆಗೆ ಕಡ್ಡಿಯಂತೆ ಹೆಚ್ಚಿ ಕರಿದ ಆಲೂಗಡ್ಡೆಯೂ ಬಂತು. ರಷ್ಯಾದ ಒಳಗೇ, ಒಂದೆರಡು ತಲೆಮಾರು ಕಳೆಯುವಷ್ಟರಲ್ಲಿ, ಅಡುಗೆ ಬದಲಾಗಿತ್ತು.

ಈಗ ಬ್ರೆಜಿಲ್‌ನ ತಟ್ಟೆ ನೋಡಿ. ಟೊಮೆಟೊ ಕಲೆತ ಕೆನೆಯ ಗೊಜ್ಜು, ಬಿಳಿ ಅನ್ನ, ಮೇಲೆ ಗರಿಗರಿ ಆಲೂಗಡ್ಡೆ ಕಡ್ಡಿ. ಇದನ್ನು ಕಲಬೆರಕೆ ಎಂದು ಹೀಗಳೆಯುವವರು 1912ರ ಪುಸ್ತಕವನ್ನೂ ಹೀಗಳೆಯಬೇಕಾಗುತ್ತದೆ. ಸ್ವೀಡನ್ನಿನ ಮನೆಗಳಲ್ಲಿ ಮಾಂಸದ ಬದಲು ಸಾಸೇಜ್ ಹಾಕುತ್ತಾರೆ. ಫಿನ್‌ಲೆಂಡಿನಲ್ಲಿ ಉಪ್ಪಿನಲ್ಲಿಟ್ಟ ಸೌತೆಕಾಯಿ ಸೇರುತ್ತದೆ. ಮೂಲದ ಹುಳಿಗೆ ಆ ಸೌತೆಕಾಯಿ ಅಣಬೆಗಿಂತ ಹತ್ತಿರದ ನೆಂಟ.

ಹಾಗಾದರೆ ಏನು ಮಾಡಿದರೂ ಸರಿಯೇ? ಅಲ್ಲ. ಡಬ್ಬಿಯ ಅಣಬೆ ಸೂಪನ್ನು ಮಾಂಸದ ಮೇಲೆ ಸುರಿದು ನೂಡಲ್ಸ್ ಜೊತೆ ಬಡಿಸುವ ಅಮೆರಿಕದ ರೂಢಿಯನ್ನು ನಾನು ಒಪ್ಪುವುದಿಲ್ಲ. ಅದು ಪರದೇಶದ್ದು ಎಂಬುದು ನನ್ನ ತಕರಾರಲ್ಲ. ಬರೀ ಸೂಪು ಸುರಿದಾಗ ಸಾಸಿವೆಯ ಖಾರವೂ ಕೆನೆಯ ಹುಳಿಯೂ ಇಲ್ಲವಾಗಿ, ಜಿಡ್ಡು ನಾಲಿಗೆಗೆ ಅಂಟಿಕೊಳ್ಳುತ್ತದೆ. ಮಾಂಸದ ಕೊಬ್ಬನ್ನು ಹುಳಿ ಮುರಿಯಬೇಕು. ಈ ಅಡುಗೆಯ ಜೀವ ಅಲ್ಲಿದೆ.

ಅಡುಗೆಯನ್ನು ಅಳೆಯಬೇಕಾದದ್ದು ರುಚಿಯ ಹದದಿಂದ, ಹುಟ್ಟಿದೂರಿನಿಂದಲ್ಲ. ಹುಳಿ, ಖಾರ, ಕೆನೆ ಹೊಂದಿದ್ದರೆ ಸಾವೊ ಪೌಲೊದ ಸ್ಟ್ರೋಗನಾಫ್ ಕೂಡ ಅಸಲಿಯೇ. ಹೊಂದದಿದ್ದರೆ ಮಾಸ್ಕೋದ್ದೂ ನಕಲಿ.