‘ಅರಳು ಮರಳು’: ಶ್ಲೇಷೆಯೂ ಶಬ್ದಮೂಲವೂ

ಶ್ರೀ ದ. ರಾ. ಬೇಂದ್ರೆಯವರ ಶಬ್ದಗಳನ್ನು ವಿವೇಚಿಸುವಾಗ ಕವಿಯು ಕಲ್ಪಿಸಿದ ಸಂಬಂಧವನ್ನೇ ಶಬ್ದದ ನಿಷ್ಪತ್ತಿಯೆಂದು ಭ್ರಮಿಸುವ ಪ್ರಮಾದ ನಮ್ಮ ವಿಮರ್ಶೆಯಲ್ಲಿ ವಿರಳವಲ್ಲ. ಇವೆರಡರ ಅಂತರವನ್ನು ‘ಅರಳು ಮರಳು’ ಎಂಬ ಒಂದೇ ಶೀರ್ಷಿಕೆಯಿಂದ ತೋರಿಸಬಹುದು.

ಐದು ಸಂಗ್ರಹಗಳನ್ನು ಒಳಗೊಂಡ ಈ ಗ್ರಂಥಕ್ಕೆ 1958ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. 1896ರಲ್ಲಿ ಜನಿಸಿದ ಕವಿಗೆ 1956ರಲ್ಲಿ ಅರವತ್ತು ತುಂಬಿತ್ತು. ಅರವತ್ತಕ್ಕೆ ಅರಳು ಮರಳು ಎಂಬ ಗಾದೆಯನ್ನು ಅರಿಯದ ಕನ್ನಡಿಗನಿಲ್ಲ. ಬುದ್ಧಿಮಂಕನ್ನು ಹಳಿಯುವ ಆ ಮಾತನ್ನೇ ಕವಿ ‘ಮರಳಿ ಅರಳುವಿಕೆ’ಯನ್ನಾಗಿ ಮಾಡಿದರು.

ಶಬ್ದಮೂಲದ ದೃಷ್ಟಿಯಿಂದ ಈ ಅರ್ಥ ನಿಲ್ಲದು. ನುಡಿಗಟ್ಟಿನ ಇನ್ನೊಂದು ರೂಪ ‘ಅರುಳು ಮರುಳು’. ಇದರಲ್ಲಿ ಅರ್ಥಭಾರವೆಲ್ಲ ‘ಮರುಳು’ ಎಂಬುದರ ಮೇಲಿದೆ. ‘ಅಕ್ಕಪಕ್ಕ’ದಲ್ಲಿಯ ‘ಅಕ್ಕ’ದಂತೆ ‘ಅರುಳು’ ಪ್ರಾಸಕ್ಕೆ ಬಂದ ಜೊತೆಗಾರ. ತಮಿಳಿನಲ್ಲಿ ‘ಅರುಳ್’ ಎಂದರೆ ಕೃಪೆ, ‘ಮರುಳ್’ ಎಂದರೆ ಭ್ರಾಂತಿ. ಅಷ್ಟರಿಂದಲೇ ನಮ್ಮ ‘ಅರುಳು’ ಕೃಪೆಯೆನ್ನುವುದು ಸಾಹಸವಾದೀತು. ಹಿಂದಿರುಗುವ ‘ಮರಳು’, ಹೂವು ಬಿರಿಯುವ ‘ಅರಳು’ ಇವು ಬೇರೆಯೇ ಧಾತುಗಳು.

ಹಾಗಾದರೆ ಇದು ಬರಿಯ ಚಮತ್ಕಾರವೇ? ಅಲ್ಲ. ಧಾರವಾಡದ ಆಡುನುಡಿಯಲ್ಲಿ ಕೊರಳು ‘ಕೊಳ್ಳು’, ಬೆರಳು ‘ಬೆಳ್ಳು’, ಹುರಿದು ಬಿರಿದ ಅರಳು ‘ಅಳ್ಳು’, ಮರುಳನು ‘ಮಳ್ಳ’. ನಡುವಿನ ಸ್ವರ ಅಕಾರವೋ ಉಕಾರವೋ ಎಂಬ ಭೇದವೇ ಅಲ್ಲಿ ಅಳಿಯುತ್ತದೆ. ಕೋಶ ಬೇರ್ಪಡಿಸಿದ್ದನ್ನು ಊರಿನ ನಾಲಗೆ ಮೊದಲೇ ಕೂಡಿಸಿತ್ತು. ಕವಿ ಅದಕ್ಕೆ ಕಿವಿಗೊಟ್ಟರು. ಮೇಲಾಗಿ, ಮರುಳಶಂಕರದೇವ, ಮರುಳಸಿದ್ಧ ಎಂಬ ಹೆಸರುಗಳುಳ್ಳ ನಾಡಿನಲ್ಲಿ ‘ಮರುಳು’ ಕೇವಲ ನಿಂದೆಯ ಮಾತಲ್ಲ. ಶೀರ್ಷಿಕೆಯಲ್ಲಿ ಹಳೆಯ ಅರ್ಥ ಅಳಿಯದೆ, ಹೊಸ ಅರ್ಥದ ಹಿಂದೆ ನಗುತ್ತ ನಿಂತಿದೆ. ಮುಪ್ಪನ್ನು ಅಲ್ಲಗಳೆಯದೆಯೇ ಅದನ್ನು ಗೆಲ್ಲುವ ಬಗೆಯಿದು.

ಎಲ್ಲೆಡೆಯೂ ಬೇಂದ್ರೆಯವರಿಗೆ ಈ ಗೆಲವು ಸಂದಿತೆಂದಲ್ಲ. ನಾದವು ಅರ್ಥವನ್ನು ಎಳೆದೊಯ್ದು, ಅನುಭವ ಹಿಂದುಳಿದ ಎಡೆಗಳು ಅವರ ಉತ್ತರಕಾಲದ ರಚನೆಗಳಲ್ಲಿ ಉಂಟು. ಶ್ಲೇಷೆಯನ್ನೇ ಶಾಸ್ತ್ರವೆಂದು ಕೊಂಡಾಡುವವರಿಗೆ ಈ ತಾರತಮ್ಯ ಕಾಣಿಸದು. ಎಲ್ಲ ಶ್ಲೇಷೆಯೂ ಅವರಿಗೆ ಸಮಾನ ದರ್ಶನವೇ.

ನಾಡಿನಿಂದ ದೂರವಿರುವ ನಮಗೆ ಇನ್ನೊಂದು ಎಚ್ಚರವೂ ಅಗತ್ಯ. ನಿಘಂಟನ್ನು ಅಂಚೆಯಿಂದ ತರಿಸಿಕೊಳ್ಳಬಹುದು. ‘ಅಳ್ಳು’, ‘ಮಳ್ಳ’ಗಳನ್ನು ತರಿಸಿಕೊಳ್ಳಲಾಗದು. ಮನೆಯ ಹಿರಿಯರ ಆಡುಮಾತನ್ನು ಅಶುದ್ಧವೆಂದು ತಿದ್ದಿದರೆ, ನಮ್ಮ ಮಕ್ಕಳ ಪಾಲಿಗೆ ಬೇಂದ್ರೆಯವರ ಅರ್ಧ ಕಾವ್ಯ ಮೂಕವಾಗುವುದು.